ತೂಕಕ್ಕೆ ಬಂದವರು

ಕಾಯ್ತಾನ್ ತಂದದ್ದು ಸ್ಟೀಲಿನ ಪ್ರೊಪೆಲ್ಲರು,
ನಮ್ಮ ಬಾಯಲ್ಲಿ ಫ್ಯಾನು. ಮೂರು ಎಲೆ.
ಗೋಣಿಯಿಂದ ತೆಗೆದಾಗ ಮಾಲಿಂ ಧಕ್ಕೆಯ ಬಿಸಿಲೆಲ್ಲ
ಅದರ ಮೇಲೆಯೇ ಬಂದು ಕೂತಂತಿತ್ತು.
ತಮ್ಮನದು, ಎಂದ. ಅವನು ರೇಸಿಗೆ ಓಡಿಸುತ್ತಿದ್ದ ದೋಣಿ
ಮಾರಿಯಾಯಿತು, ತಮ್ಮನೂ ಇಲ್ಲ,
ಇದೊಂದು ಮಂಚದ ಕೆಳಗೆ ಉಳಿದಿತ್ತು.
ಇದನ್ನೇ ಹಾಕು.

ಬುಡದಲ್ಲಿ ಕೊರೆದ ಅಂಕಿಯನ್ನು
ಹೆಬ್ಬೆರಳಿನಿಂದ ಒರೆಸಿ ಓದಿದೆ: ಹದಿನೇಳು.
ಅಂದರೆ, ಒಂದು ಸುತ್ತಿಗೆ
ಹದಿನೇಳು ಅಂಗುಲ ಮುಂದೆ ಹೋಗುತ್ತೇನೆಂಬ ಮಾತು.
ನೀರೇನು ಮರವಲ್ಲ, ಇದು ಸ್ಕ್ರೂ ಅಲ್ಲ,
ಹೇಳಿದ್ದರಲ್ಲಿ ಕಾಲುಭಾಗ ಜಾರಿಯೇ ಹೋಗುತ್ತದೆ;
ಮನುಷ್ಯರ ಮಾತಿಗೆ ಹೋಲಿಸಿದರೆ ವಾಸಿ.

ಕಾಯ್ತಾನನ ಪಾಂಟೂನೋ,
ಎರಡು ಅಲ್ಯುಮಿನಿಯಂ ಕೊಳವೆಗಳ ಮೇಲೆ ಒಂದು ಜಗಲಿ.
ಸೋಫಾ, ಐಸ್ ಪೆಟ್ಟಿಗೆ, ಬಟ್ಟೆಯ ಚಪ್ಪರ,
ಹಿಂದುಗಡೆ ಅರವತ್ತು ಕುದುರೆಯ ಮೋಟಾರು.
ನಾನೂ ಅವನೂ ಇಬ್ಬರೇ ಒಂದು ಸುತ್ತು ಹೋಗಿಬಂದೆವು.
ಮುಳ್ಳು ಐದು ಸಾವಿರ ಮುಟ್ಟಿತು.
ನೋಡಿದೆಯಾ, ಎಂದು ಕಣ್ಣೊರೆಸಿಕೊಂಡ. ಗಾಳಿಗಿರಬೇಕು.

ಶನಿವಾರ ಹದಿನಾಲ್ಕು ಜನ ಹತ್ತುವವರಿದ್ದಾರೆ.
ತುಂಬಿದ ದೋಣಿಯಲ್ಲಿ ನೋಡದೆ ಹೇಳಲಾರೆ, ಅಂದೆ.
ಈಗ ಮಂದಿಯನ್ನು ಎಲ್ಲಿಂದ ತರಲಿ?

ಬಲೆಯ ನೆರಳಲ್ಲಿ ಕೂತಿದ್ದರು,
ಬೆಳಗಿನ ಬಾಂಗಡೆ ಹೊತ್ತು ಮುಗಿಸಿ,
ಗದಗ, ರೋಣದ ಕಡೆಯ ಹೆಂಗಸರು, ಹನ್ನೆರಡು ಮಂದಿ.
ಅಕ್ಕಾ, ತೂಕಕ್ಕೆ ಜನ ಬೇಕಾಗಿದೆ, ಅರ್ಧ ತಾಸು.
ದುರುಗವ್ವ ಎಲೆಯಡಿಕೆ ಉಗುಳಿ ಕೇಳಿದಳು:
"ಎಷ್ಟ್ ಕೊಡ್ತಾನ ಸಾವಕಾರ?"
ತಲೆಗೆ ನೂರು.
"ತಲಿಗಲ್ಲ, ಕಿಲೋಕ್ಕ ಹೇಳಂತ ಹೇಳು.
ನಮ್ಮ ಫಕೀರವ್ವಗ ಲಾಭ ಆಗ್ತೈತಿ."

ಹತ್ತಿದರು. ಸೋಫಾದ ಮೇಲೆ ಕೂರಲಿಲ್ಲ;
ಸೀರೆಗೆ ಮೀನಿನ ನೀರು ತಾಗಿದೆಯೆಂದು
ನೆಲದ ಮೇಲೆಯೇ ಕಾಲು ಮಡಚಿದರು.
ಮೇಲೆ ಕೂತುಕೊಳ್ಳಿ, ತೂಕ ಸರಿಯಾಗಿ ಹಂಚಬೇಕು, ಅಂದೆ.
ಅರ್ಧ ಸುಳ್ಳು ಅದು.

ಹಿಡಿಯನ್ನು ಪೂರ್ತಿ ಒತ್ತಿದೆ.
ಘಾಟಿ ಏರುವಾಗ ಗೇರು ಇಳಿಸಲು ಮರೆತ ಲಾರಿಯ ಹಾಗೆ
ಮೋಟಾರು ನರಳಿತು.
ನಾಲ್ಕು ಸಾವಿರದ ಮುನ್ನೂರು. ಅಲ್ಲೇ ನಿಂತಿತು ಮುಳ್ಳು.
ಹೀಗೇ ಒಂದು ಸೀಸನ್ ಓಡಿಸಿದರೆ ಪಿಸ್ಟನ್ನು ಕೈಗೆ ಬರುತ್ತದೆ.
ಕಾಯ್ತಾನ್ ಮುಳ್ಳಿನ ಕಡೆ ನೋಡಲೇ ಇಲ್ಲ.
ನಿನ್ನ ತಮ್ಮನ ಫ್ಯಾನಿನಲ್ಲಿ ಏನೂ ಕೊರತೆಯಿಲ್ಲ,
ಇದು ಅವನ ದೋಣಿಯಲ್ಲ, ಅಂದೆ.
ಇದಕ್ಕಿಂತ ಮೆತ್ತಗೆ ಹೇಳಲು ನನ್ನ ಕೊಂಕಣಿಗೆ ಬರಲಿಲ್ಲ.

ಧಕ್ಕೆಗೆ ತಿರುಗಿ, ಮೋಟಾರು ಎತ್ತಿ, ಪಿನ್ನು ಕಿತ್ತು ನಟ್ಟು ಬಿಚ್ಚಿದೆ.
ನೀರಿಗೆ ಬಿದ್ದೀತೆಂದು
ಕೆಳಗೆ ಮೀನಿನ ಬುಟ್ಟಿ ಹಿಡಿದಳು ದುರುಗವ್ವ.
ಈಗ ಹಾಕಿದ್ದು ಅಲ್ಯುಮಿನಿಯಂ, ಕಪ್ಪು ಬಣ್ಣ,
ನಾಲ್ಕು ಎಲೆ, ಹನ್ನೊಂದು ಅಂಗುಲ.
ಗಿಡ್ಡ ಹೆಜ್ಜೆ. ಹೊರೆ ಹೊತ್ತವರ ಹೆಜ್ಜೆ.
ತಲೆಯ ಮೇಲೆ ಬುಟ್ಟಿಯಿದ್ದಾಗ, ಒದ್ದೆ ಹಲಗೆಯ ಮೇಲೆ,
ಈ ಹನ್ನೆರಡು ಮಂದಿ ಹಾಕುವುದೂ ಅದನ್ನೇ,
ಯಾರೂ ಅಳೆದು ಕೊಟ್ಟದ್ದಲ್ಲ.

ಐದು ಸಾವಿರದ ಐನೂರು.
ದನಿ ಸಡಿಲಾಯಿತು. ಹಿಂದೆ ನೊರೆ ನೆಟ್ಟಗೆ ಬಂತು.
ಬೇಕಾದದ್ದು ಸಿಕ್ಕಿತ್ತು, ತಿರುಗಿಸಬೇಕು, ಅಷ್ಟರಲ್ಲಿ ಫಕೀರವ್ವ
ಕಂಬಿ ಹಿಡಿದು, ಪಣಜಿಯ ದಂಡೆ ನೋಡುತ್ತ,
ಯಾರಿಗೂ ಅಲ್ಲದ ಹಾಗೆ ಅಂದಳು:
"ಹದಿನಾಕ ವರ್ಸಾತು ಈ ದಂಡಿಗೆ ಬಂದು.
ನೀರಿನ ಮ್ಯಾಲ ಬಂದದ್ದು ಇವತ್ತ."

ಇನ್ನೊಮ್ಮೆ ನೋಡಬೇಕು, ಅಂದೆ ಕಾಯ್ತಾನನಿಗೆ,
ಇಳಿತದ ಎದುರಿಗೊಂದು, ಇಳಿತದ ಜೊತೆಗೊಂದು.
ಅವನು ಪೆಟ್ರೋಲಿನ ಮುಳ್ಳು ನೋಡಿದ, ನನ್ನನ್ನು ನೋಡಿದ.
ಗೋಣಿಯಲ್ಲಿ ಸುತ್ತಿದ ಫ್ಯಾನು ತೊಡೆಯ ಮೇಲಿತ್ತು,
ಎಲೆಗಳ ಅಂಚು ಅಂಗಿಗೆ ತಾಗಿತ್ತು.
ರೈಬಂದರಿನ ತನಕ, ಎಂದ.
ರೈಬಂದರು ದಾಟಿದ ಮೇಲೆ: ದಿವಾಡಿಯ ತನಕ.

"ಅರ್ಧ ತಾಸು ಎಂದೋ ಮುಗೀತಲ್ಲೋ ತಮ್ಮಾ,"
ಅಂದಳು ದುರುಗವ್ವ, ಸೋಫಾಕ್ಕೆ ಒರಗಿ,
ಇಳಿಯುವ ಆತುರ ಯಾವುದೂ ಇಲ್ಲದೆ.